ಹಾಲೇಶಣ್ಣನ ಟೆಂಟು

ಅರ್ಷಿಯಾ,

ನಿನ್ನಣ್ಣ ತೀರಿಹೋದ ಮೇಲಿನ ನನ್ನ ಇದ್ದತ್ ನಿನ್ನೆ ಮುಗಿಯಿತು. ನಾಲ್ಕು ತಿಂಗಳು ಹತ್ತು ದಿನದ ನಂತರ ಇವತ್ತು ಹೊಸಿಲು ದಾಟುತ್ತಿದ್ದೇನೆ. ಸ್ಕೂಟರ್ ಕೀ ಹುಡುಕಬೇಡ.

ಒಲೆಯ ಮೇಲಿನ ಖೀಮಾವನ್ನು ನೀರು ಆರುವ ತನಕ ಹುರಿ. ಪೂರ್ತಿ ತಣಿದ ಮೇಲೆ ಡಬ್ಬಿಗೆ ತುಂಬು. ಹೋದ ಸಲ ಬಿಸಿಯಲ್ಲೇ ಮುಚ್ಚಿ ಕೆಡಿಸಿದವಳು ನೀನೇ, ಮಾರಾಯ್ತಿ. ಚಪಾತಿ ಹಿಟ್ಟನ್ನು ಅಭ್ಯಾಸಬಲದಿಂದ ಮೂವರಿಗೆ ಕಲಸಿಬಿಟ್ಟೆ. ಇರಲಿ, ನೀರು ಕಂಡರೆ ನಿನಗೆ ಹಸಿವು ಜಾಸ್ತಿ.

"ಹೋಗ್ಬನ್ರೇ, ಅವನಿಗೂ ಅದೇ ಆಸೆ ಇತ್ತು" ಎಂದು ಅಮ್ಮಿ ಒಪ್ಪಿದ್ದಾರೆ. ನಾಳೆ ಈ ಹೊತ್ತಿಗೆ ನಾವಿಬ್ಬರೂ ಭದ್ರಾ ಹಿನ್ನೀರಿನ ದಡದಲ್ಲಿರುತ್ತೇವೆ. ಬೆಳಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಹೋದವರ ಮೇಲೆ ಎರವಲು ಉಳಿಯಬಾರದು. ಮಾಚೇನಹಳ್ಳಿಗೆ ಹೋಗಿ, ನಿನ್ನಣ್ಣ ತಂದಿದ್ದ ಟೆಂಟನ್ನು ಹಾಲೇಶಣ್ಣನ ಕೈಗೆ ಒಪ್ಪಿಸಿ, ಆಮೇಲೆ ನನ್ನ ಹೆಸರಿನಲ್ಲಿ ಅದನ್ನೇ ಕೇಳಿ ತರುತ್ತೇನೆ.

ಭಾಭಿ