ಉಪ್ಪು ಬೆರೆಸಿದ ಐಸು

ಪ್ರೀತಿಯ ಅಪ್ಪನಿಗೆ,

ನಿಮ್ಮ ದೋಣಿಗೆ ಐಸು ತರುವವರ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ಭಾನುವಾರ ಸೆಬು ನಗರದಲ್ಲಿ ನನ್ನ ಓಟದ ಸ್ಪರ್ಧೆ.

ಪಾದದ ನೋವಿಗೆ ಕೋಚ್, "ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಐಸಿಟ್ಕೋ, ಸಾಕು" ಅಂದಿದ್ದರು. ನನಗೆ ಸಾಕಾಗಲಿಲ್ಲ. ಮೀನು ಕೆಡದಿರಲೆಂದು ನೀವು ಐಸಿಗೆ ಉಪ್ಪು ಬೆರೆಸಿ ಇನ್ನಷ್ಟು ತಣ್ಣಗೆ ಮಾಡುತ್ತೀರಲ್ಲ, ನಾನೂ ಹಾಗೇ ಬೆರೆಸಿ, ಬರಿಗಾಲನ್ನು ಮೀನಿನ ಪೆಟ್ಟಿಗೆಯಲ್ಲಿ ಹುದುಗಿಸಿ ಕುಳಿತೆ. ಅಲ್ಲೇ ನಿದ್ದೆ ಹತ್ತಿತು.

ಈಗ ನೋವೇ ಇಲ್ಲ. ಅಮ್ಮ ಪಾದ ಮುಟ್ಟಿ, "ಏನೇ ಇದು, ಐಸು ಪೆಟ್ಟಿಗೆಯೊಳಗಿನ ಮೀನು ಮುಟ್ಟಿದ ಹಾಗಿದೆ" ಅಂದಳು. ಆಮೇಲೆ ಅವಳೆದುರು ಕಾಲುಚೀಲ ತೆಗೆದಿಲ್ಲ. ಕಾಲ್ಬೆರಳುಗಳು ಕಪ್ಪಾಗುತ್ತಿವೆ.

ಪಾದ ಊದಿ ಷೂ ಹಿಡಿಯುತ್ತಿಲ್ಲ, ಬರುವಾಗ ಒಂದು ಸೈಜು ದೊಡ್ಡದು ತನ್ನಿ. ನನ್ನ ಚಿಂತೆ ಬೇಡ. ನಿನ್ನೆ ಆ ಕಾಲಿಗೆ ಮೊಳೆ ಚುಚ್ಚಿದ್ದೂ ರಕ್ತ ನೋಡಿದ ಮೇಲೇ ಗೊತ್ತಾಯಿತು.

ನಿಮ್ಮ ಮಗಳು,
ಮರಿಲೂ