ಹೊಲಿಗೆ ವಿಭಾಗಕ್ಕೆ ಬೇಡವಾದ ಒಂದು ಸೂಜಿ

ಮಾನ್ಯ ಕ್ಷೇಮಾಧಿಕಾರಿಗಳೇ,

ನನ್ನ ತಂಗಿಗೆ ಕಡಲೆಬೀಜದ ಅಲರ್ಜಿ. ಒಂದು ಚೂರು ಬಾಯಿಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಆಗ ತೊಡೆಗೆ ಚುಚ್ಚಿಕೊಳ್ಳಲೆಂದು ಡಾಕ್ಟರು ಕೊಟ್ಟ ಇಂಜೆಕ್ಷನ್ನನ್ನು ಅವಳು ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ವಿಭಾಗದೊಳಗೆ ತರಕೂಡದೆಂದು ತಾವು ಅಪ್ಪಣೆ ಮಾಡಿದ್ದೀರಿ. ಕಾರಣ, ಅದರಲ್ಲಿ ಸೂಜಿಯಿದೆ. ಪ್ರತಿ ಮೆಷಿನ್ನಿನಲ್ಲೂ ಸೂಜಿ ಕುಣಿಯುವ ಜಾಗದಲ್ಲಿ ಜೀವ ಉಳಿಸುವ ಒಂದೇ ಒಂದು ಸೂಜಿಗೆ ಪ್ರವೇಶವಿಲ್ಲ. ಭೇಷ್!

ನಿಯಮದ ಅರ್ಥ ನನಗೆ ಗೊತ್ತಿಲ್ಲವೆಂದಲ್ಲ. ಸೂಜಿ ಮುರಿದರೆ ತುಂಡುಗಳನ್ನೆಲ್ಲ ಹುಡುಕಿ ಒಪ್ಪಿಸುವ ತನಕ ಹೊಸದು ಸಿಗುವುದಿಲ್ಲ. ಎಲ್ಲೋ ಒಂದು ಮಗುವಿನ ಅಂಗಿಯಲ್ಲಿ ತುಂಡು ಉಳಿದುಬಿಟ್ಟರೆ ಎಂದು ನೆಲದ ಮೇಲೆ ಅಯಸ್ಕಾಂತ ಆಡಿಸುತ್ತಾ ತೆವಳಿದವರು ನಾವೇ. ಕಂಡರಿಯದ ಮಗುವಿನ ಮೇಲೆ ಇಷ್ಟು ಕಾಳಜಿ ಇರುವವರಿಗೆ ಕಣ್ಣೆದುರು ಕೂತು ಹೊಲಿಯುವ ಹುಡುಗಿ ಯಾಕೆ ಕಾಣುವುದಿಲ್ಲ?

ಕಳೆದ ತಿಂಗಳ ಸಂಗತಿ ಕೇಳಿ. ಇಸ್ತ್ರಿ ವಿಭಾಗದ ಹಿರಿಯ ಹೆಂಗಸೊಬ್ಬರನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ಅವರಿಗೆ ನನ್ನ ತಂಗಿಯೆಂದರೆ ಪ್ರಾಣ. ಅವತ್ತು ಮನೆಯಲ್ಲೇ ಕೇಕ್ ಮಾಡಿ ತಂದಿದ್ದರು.

"ಬೀಜ ಹಾಕಿಲ್ಲ ತಾನೇ ದೊಡ್ಡಕ್ಕ?" ಎಂದು ಕೇಳಿಯೇ ತಂಗಿ ಕೈಚಾಚಿದಳು.

"ಅಯ್ಯೋ, ಗೊತ್ತಿದ್ದೂ ನಿಂಗೆ ಹಾಕ್ತೀನಾ? ಸುಮ್ನೆ ತಿನ್ನೇ."

ಹಾಕಿದ್ದರು. ನುಣ್ಣಗೆ ಪುಡಿಮಾಡಿ, ನಾಲಿಗೆಗೆ ಗೊತ್ತಾಗದ ಹಾಗೆ. ಕೊಲ್ಲಲಿಕ್ಕಲ್ಲ ಸ್ವಾಮಿ, ವಾಸಿ ಮಾಡಲಿಕ್ಕೆ! ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ಗೋಳೋ ಎಂದು ಅತ್ತರು. "ಎಲ್ಲಾ ಮನಸ್ಸಿನ ಭಯ ಅನ್ಕೊಂಡೆ ಕಣಮ್ಮಾ. ತಿಂದಾದ್ಮೇಲೆ ಹೇಳಿ ನಗಿಸೋಣ ಅಂತಿದ್ದೆ."

ತಂಗಿ ಮೆಷಿನ್ನಿನ ಮೇಲೇ ಕುಸಿದಿದ್ದಳು. ತುಟಿ ಊದಿತ್ತು, ಮಾತು ನಿಂತಿತ್ತು, ತೊಡೆ ತಟ್ಟಿ ತಟ್ಟಿ ತೋರಿಸುತ್ತಿದ್ದಳು. ಹೊರಗಿನ ಲಾಕರಿನಿಂದ ಇಂಜೆಕ್ಷನ್ ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡಿಬಂದರೆ ಬಾಗಿಲಲ್ಲಿ ಸೆಕ್ಯೂರಿಟಿಯವನು ಅಡ್ಡ ನಿಂತ. "ಸೂಜಿ ಒಳಗ್ ಬಿಡಂಗಿಲ್ಲಮ್ಮ, ಸಾಹೇಬ್ರ ಆರ್ಡರು. ಬೇಕಾದ್ರೆ ಅವ್ರನ್ನೇ ಹೊರಗೆ ಕರ್ಕೊಂಡ್ ಬನ್ನಿ." ಉಸಿರಾಡಲಾಗದವಳನ್ನು! ಕೊನೆಗೆ ಜೊತೆಯವರು ಅವಳನ್ನು ಬಟ್ಟೆ ಸಾಗಿಸುವ ಟ್ರಾಲಿಯಲ್ಲಿ ಮಲಗಿಸಿ ಬಾಗಿಲು ದಾಟಿಸಿದರು. ಅಲ್ಲಿ, ಬಾಗಿಲ ಹೊರಗೆ, ನಾನು ಚುಚ್ಚಿದೆ. ಟ್ರಾಲಿಯಿಂದಲೇ ಎತ್ತಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

ದೂರು ಹೇಳಲು ಬಂದ ನನಗೆ ತಾವು ಕೊಟ್ಟ ಸಮಾಧಾನ ಏನು? "ನೋಡಮ್ಮ, ಒಬ್ಬೊಬ್ರಿಗೆ ಒಂದೊಂದು ಆಗಿಬರಲ್ಲ. ನನಗೂ ಬದನೆಕಾಯಿ ಆಗಲ್ಲ. ಅದಕ್ಕೆಲ್ಲ ರೂಲ್ಸು ಬದಲಾಯಿಸೋಕಾಗುತ್ತಾ?" ಬದನೆಕಾಯಿ ತಿಂದ ತಮ್ಮನ್ನು ಎಂದಾದರೂ ಟ್ರಾಲಿಯಲ್ಲಿ ಹಾಕಿ ತಳ್ಳಿದ್ದುಂಟೇ? ದೊಡ್ಡಕ್ಕ ತಿಳಿಯದೆ ಮಾಡಿದರು, ತಿಳಿದ ಮೇಲೆ ಅತ್ತರು. ಅವರ ಮೇಲೆ ನನಗೆ ಸಿಟ್ಟು ಆರಿದೆ, ತಮ್ಮ ಮೇಲೆ ಆರಿಲ್ಲ. ಸಣ್ಣಂದಿನಿಂದ ಕೇಳುತ್ತಲೇ ಇದ್ದೇವೆ: ನಖರಾ, ಹಟ, "ದೊಡ್ಡೋರ ಮನೆ ಕಾಯಿಲೆ ನಿಮಗ್ಯಾಕೆ ಬಂತು?" ಕಾಯಿಲೆ ಸಂಬಳದ ಚೀಟಿ ನೋಡಿಕೊಂಡು ಬರುತ್ತದೆಯೇ?

ಸೋಮವಾರ ತಂಗಿ ಕೆಲಸಕ್ಕೆ ಮರಳುತ್ತಾಳೆ. ಅಷ್ಟರೊಳಗೆ ಆ ಇಂಜೆಕ್ಷನ್ ಅವಳ ಏಪ್ರನ್ ಜೇಬಿನಲ್ಲಿರಲು ಅಪ್ಪಣೆ ಕೊಡಿ. ಬರುವಾಗೊಮ್ಮೆ ಹೋಗುವಾಗೊಮ್ಮೆ ತೆಗೆಸಿ ನೋಡಿಕೊಳ್ಳಿ, ಬೇಡವೆಂದವರಾರು? ಪ್ರತಿ ಸಾಲಿನಲ್ಲೂ ಒಬ್ಬರಿಗಾದರೂ ಚುಚ್ಚಲು ಕಲಿಸಿ. ಇದು ನಖರಾ ಅಲ್ಲವೆಂದು ಊಟದ ಹೊತ್ತಿನಲ್ಲಿ ತಾವೇ ಮೈಕಿನಲ್ಲಿ ಹೇಳಿ.

ಅಪ್ಪಣೆ ಬರದಿದ್ದರೆ ಅದನ್ನು ನಾನೇ ನನ್ನ ರವಿಕೆಯೊಳಗಿಟ್ಟು ತರುತ್ತೇನೆ. ಹಿಡಿದರೆ ಕೆಲಸದಿಂದ ತೆಗೆಯಿರಿ. ತೆಗೆಯುವ ಮುನ್ನ ಒಂದು ಉಪಕಾರ ಮಾಡಿ: ನನ್ನ ಜಾಗದಲ್ಲಿ ಕೂರುವವಳಿಗೆ, ನನ್ನ ತಂಗಿಯನ್ನು ಹೇಗೆ ಉಳಿಸಿಕೊಳ್ಳಬೇಕೆಂದು ತೋರಿಸಿಕೊಡಲು ಸ್ವಲ್ಪ ಹೊತ್ತು ಕೊಡಿ.

ಇಂತಿ,
ಶನಿವಾರದವರೆಗಂತೂ ಕೆಲಸದಲ್ಲಿರುವ,
ತಂಗಿಯ ಪಕ್ಕದ ಮೆಷಿನ್ನಿನಾಕೆ