ಬೇಲಿ ಬುಡದ ಡೇರೆ ಗೆಡ್ಡೆ

ಹೊಂಗಡಹಳ್ಳ
೨೦ ನವೆಂಬರ್ ೨೦೨೪

ತಂಗಿ ನಂಜಮ್ಮನಿಗೆ ಅಕ್ಕ ಮೀನಾಕ್ಷಿಯ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ, ನೀವೂ ಹಾಗೇ ಇದ್ದೀರೆಂದು ತಿಳಿದಿದ್ದೇನೆ. ಗೌರಿ ಹಬ್ಬಕ್ಕೇ ಬರೆಯಬೇಕೆಂದಿದ್ದೆ, ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಮಗ ಯೋಗೇಶನ ಮಾವನ ಮನೆಗೆಂದು ನೀವು ಬಿಸ್ಲೆ ಕಡೆ ಹೋಗುವಾಗ ಜೀಪು ನಮ್ಮ ಗೇಟಿನ ಮುಂದೆ ಗೇರು ಬದಲಿಸುವುದು ಕೇಳಿಸುತ್ತದೆ. ಅಲ್ಲಿ ರಸ್ತೆ ಏರು ಇದೆಯಲ್ಲ. ನಿಲ್ಲುವುದಿಲ್ಲ ಎಂದು ಗೊತ್ತಿದ್ದರೂ ಕೃತಿಕಾ ಪ್ರತಿ ಸಲ ಕಿಟಕಿಗೆ ಹೋಗುತ್ತಾಳೆ. ಸೊಸೆ ಹೊಸಬಳು, ಅವಳಿಗೆ ಇನ್ನೂ ಅಭ್ಯಾಸವಾಗಿಲ್ಲ.

ಈಗ ಬರೆಯಲು ಕಾರಣ ಒಂದು ಕಥೆ. ಇದನ್ನು ಮೊದಲು ಹೇಳಿದವಳು ಕೆಂಚಮ್ಮ, ಮೊನ್ನೆ ಕಾರ್ತಿಕ ಸೋಮವಾರದ ಸಂಜೆ, ನಮ್ಮ ಹಿತ್ತಲ ಜಗಲಿಯ ಮೇಲೆ. ಕೆಂಚಮ್ಮ ಎಂದರೆ ಎಸ್ಟೇಟಿನ ಕೂಲಿಮನೆ ಲೈನಿನಲ್ಲಿರುವವಳು. ಕಾಫಿ ಹಣ್ಣು ಕುಯ್ಯಲು ಬಂದು, ಕುಯ್ಯುವುದಕ್ಕಿಂತ ಹೆಚ್ಚು ಮಾತಾಡುತ್ತಾಳೆ. ಕೇಳಿದವರು ನಾನು ಮತ್ತು ಕೃತಿಕಾ.

ಈ ಸಲ ಮಳೆ ಬಿಡುವುದೇ ತಡವಾಯಿತು. ಗುಲಾಬಿ ಸವರಿದ್ದಾಯಿತು, ಸೇವಂತಿಗೆ ಮೊಗ್ಗು ಹಿಡಿದಿದೆ, ಕೋಲು ಕೊಟ್ಟು ಕಟ್ಟಿದ್ದೇನೆ. ಡೇರೆ ಗಿಡ (ಕೃತಿಕಾ ಡೇಲಿಯಾ ಅನ್ನುತ್ತಾಳೆ) ಮಾತ್ರ ಹೂವು ಮುಗಿಸಿ ಒಣಗಿ ನಿಂತಿತ್ತು. ಅದರ ಕಾಂಡ ಟೊಳ್ಳು, ಕತ್ತರಿಸಿ ಹಾಗೇ ಬಿಟ್ಟರೆ ನೀರಿಳಿದು ಬುಡ ಕೊಳೆಯುತ್ತದೆ. ಅವ್ವ ತುದಿಗೆ ಸಗಣಿ ಮೆತ್ತುತ್ತಿದ್ದಳಲ್ಲ, ನಾನೂ ಹಾಗೇ ಮಾಡುತ್ತೇನೆ. ಅರ್ಧ ಗೆಡ್ಡೆಯನ್ನು ನೆಲದಲ್ಲೇ ಬಿಟ್ಟು ತರಗೆಲೆ ಮುಚ್ಚುವುದು, ಇನ್ನರ್ಧ ಕಿತ್ತು ಬೂದಿಯಲ್ಲಿ ಹೊರಳಿಸಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು. ಅಂದು ಕಿತ್ತದ್ದನ್ನು ಬಿಡಿಸುತ್ತ ಕೂತಿದ್ದೆವು. ಅವ್ವನ ಬಿಳಿ ಅಂಚಿನ ಕಡುಗೆಂಪು ಡೇರೆಯ ದಪ್ಪ ಗೆಡ್ಡೆಗಳನ್ನು ಕೃತಿಕಾ ಬೇರೆ ಇಟ್ಟು, ಇವನ್ನು ಮಗ್ಗೆಯ ಚಿಕ್ಕತ್ತೆಗೆ, ಅಂದರೆ ನಿನಗೆ, ಕೊಟ್ಟು ಬರಲೇ ಎಂದಳು. ಕೆಂಚಮ್ಮ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, "ಕೊಟ್ಟುಗಿಟ್ಟೀಯ ಕಣವ್ವ. ಮಾರನಹಳ್ಳಿ ಈರಮ್ಮನ ಮನೇಲಿ ಆದಂಗಾದಾತು" ಎಂದು ಶುರು ಮಾಡಿದಳು.

ಆ ಈರಮ್ಮನಿಗೂ ಓರಗಿತ್ತಿ ಪುಟ್ಟಗೌರಮ್ಮನಿಗೂ ಮನೆ ಪಾಲಾದ ಮೇಲೆ ಮಾತಿರಲಿಲ್ಲವಂತೆ. ನಡುವೆ ಒಂದು ದಾಸವಾಳದ ಬೇಲಿ. ಈರಮ್ಮ ಪ್ರತಿ ವರ್ಷ ಡೇರೆ ಗೆಡ್ಡೆ ಕಿತ್ತಾಗ ಒಂದು ಬಿದಿರಿನ ಮಂಕರಿಯಷ್ಟನ್ನು ಬೇಲಿ ಬುಡದಲ್ಲಿ ಮರೆತವಳಂತೆ ಬಿಟ್ಟು ಒಳಗೆ ಹೋಗುವಳು. ಬೆಳಗಾದರೆ ಮಂಕರಿ ಖಾಲಿ; ಆಚೆ ಅಂಗಳದ ಜೌಗಿನಲ್ಲಿ ಗೆಡ್ಡೆ ವರ್ಷ ವರ್ಷ ಕೊಳೆಯುತ್ತಿತ್ತು. ಕದ್ದ ಗಿಡವೇ ಚಿಗುರುವುದು ಎಂದು ನಮ್ಮ ಕಡೆ ಹೇಳುತ್ತಾರಲ್ಲ. ಈರಮ್ಮ ಬೇಲಿಗೆ ಮುಖ ಮಾಡಿ, "ಯಾವಳೋ ಕಳ್ಳಿ ಹೊತ್ಕೊಂಡು ಹೋಗ್ಬುಟ್ಟವ್ಳೆ, ಅವಳ ಸೊಂಟ ಹಿಡ್ಕೊಳ್ಳ" ಎನ್ನುವಳು. ಆ ಕಡೆಯಿಂದ, ಕೋಳಿಗೆ ಹೇಳಿದಂತೆ, "ಸೊಂಟ ಗಟ್ಟಿ ಐತೆ. ಕಾಯಕ್ಕೊಂದು ನಾಯಿ ಸಾಕಕ್ಕಾಗ್ದೋರು ಹೂವ ಯಾಕೆ ಸಾಕ್ಬೇಕು" ಎಂದು ಬರುವುದು. ವರ್ಷಕ್ಕೆ ಅವರ ಮಾತು ಅಷ್ಟೇ. ಮಳೆಗಾಲದಲ್ಲಿ ಎರಡು ಅಂಗಳದಲ್ಲೂ ಒಂದೇ ಹೂವು.

ಒಂದು ವರ್ಷ ಈರಮ್ಮನಿಗೆ ಸೊಸೆ ಬಂದಳು. ಒಳ್ಳೆಯ ಹುಡುಗಿ. ಮಂಕರಿ ಇಬ್ಬನಿಯಲ್ಲಿ ನೆನೆಯುತ್ತಿದೆಯಲ್ಲ ಎಂದು ಎತ್ತಿಕೊಂಡು, ಅರಿಶಿನ ಕುಂಕುಮ ಇಟ್ಟು, ಮುಂಬಾಗಿಲಿಂದಲೇ ಹೋಗಿ, ಅತ್ತೆ ಕೊಟ್ಟರೆಂದು ಪುಟ್ಟಗೌರಮ್ಮನ ಕೈಗಿಟ್ಟಳಂತೆ. ಮನೆಗೆ ಬಂದ ಹೊಸ ಸೊಸೆಗೆ ಬೇಡ ಎನ್ನಲಾದೀತೆ? ತೆಗೆದುಕೊಂಡಳು. ಆದರೆ ಕದ್ದದ್ದಕ್ಕೆ ಋಣವಿಲ್ಲ, ಕೊಟ್ಟದ್ದಕ್ಕೆ ಇದೆ. ಎದುರಿಗೆ ಹೋಗಿ ಒಂದು ಮಾತಾಡಬೇಕು. ಅದು ಅವಳಿಂದ ಆಗಲಿಲ್ಲ. ಕೊಟ್ಟದ್ದು ಹೇಗೂ ಚಿಗುರುವುದಿಲ್ಲ ಎಂದು ಮಂಕರಿಯನ್ನು ಅಟ್ಟಕ್ಕೆ ಎಸೆದಳು.

ಆ ಮಾಗಿಯಲ್ಲಿ ಕಾಡುಹಂದಿ ಈರಮ್ಮನ ಅಂಗಳಕ್ಕೆ ನುಗ್ಗಿ ನೆಲದಲ್ಲಿದ್ದದ್ದನ್ನೆಲ್ಲ ಗೆಬರಿ ತಿಂದಿತು. ಬೇಲಿಯಾಚೆ ಮಂಕರಿ ತುಂಬ ಗೆಡ್ಡೆ ಇತ್ತು. ಕೇಳಲು ಇವಳು ಹೋಗಲಿಲ್ಲ, ಹೇಳಲು ಅವಳು ಬರಲಿಲ್ಲ. ಮಳೆ ಹಿಡಿಯುವಷ್ಟರಲ್ಲಿ ಅಟ್ಟದ ಮೇಲಿನದು ಸುಕ್ಕಿ ಸೌದೆಯಾಗಿತ್ತು. ಆ ಬಣ್ಣದ ಡೇರೆ ಈಗ ಮಾರನಹಳ್ಳಿಯಲ್ಲೇ ಇಲ್ಲವಂತೆ.

"ಕದ್ದಿದ್ದು ಬದುಕ್ತಿತ್ತು, ಕೊಟ್ಟಿದ್ದು ಕೆಟ್ಟೋಯ್ತು" ಎಂದು ಕೆಂಚಮ್ಮ ಸೆರಗು ಕೊಡವಿ ಎದ್ದಳು.

ಉಳಿದಂತೆ ವಿಶೇಷವಿಲ್ಲ. ಹೋದ ವಾರ ನಮ್ಮ ಬಾವಿ ಪಕ್ಕದ ಕೆಸುವಿಗೂ ಹಂದಿ ಬಿದ್ದಿತ್ತು. ಡೇರೆ ಪಾತಿಗೆ ಇನ್ನೂ ಬಂದಿಲ್ಲ. ಅವ್ವನ ಡೇರೆ ಈಗ ಇರುವುದು ಇದೊಂದೇ ಮನೆಯಲ್ಲಿ. ಥಂಡಿ ಶುರುವಾಗಿದೆ, ನಿನ್ನ ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಶಿವ ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ಮೀನಾಕ್ಷಿ

ಮರೆತ ಮಾತು: ಅವ್ವ ತೀರಿಕೊಂಡ ಮೇಲೆ ನಾನು ನಿನ್ನ ಕೈಗೆ ಕೊಟ್ಟ ಗೆಡ್ಡೆ ಚಿಗುರಲಿಲ್ಲ. ಅವಳ ವರ್ಷದ ತಿಥಿಯಲ್ಲಿ, ಎಲೆ ಮುಂದೆ ಕೂತ ಜನರೆದುರಿಗೆ ನೀನು, "ಕಣ್ಣು ಮುರ್ದು ಕೊಟ್ಟವ್ಳೆ ನಮ್ಮಕ್ಕ. ಅವ್ವನ ಹೂವ ಅವಳೊಬ್ಬಳ ಮನೇಲೇ ಅರಳ್ಬೇಕು" ಎಂದೆ. ಮೊಳಕೆಯ ಕಣ್ಣು ಮುರಿದರೆ ಗೆಡ್ಡೆ ಸತ್ತ ಹಾಗೆ ಎಂದು ನಮ್ಮಿಬ್ಬರಿಗೂ ಹೇಳಿಕೊಟ್ಟವಳು ಅವ್ವನೇ. ನಾನು ಮುರಿದಿರಲಿಲ್ಲ. ಆವತ್ತು ಅದನ್ನು ಹೇಳದೆ ಮುಂದಿನ ಎಲೆಗೆ ಬಡಿಸಲು ಹೋದೆ. ಈಗಲೂ ನೀನು ನಂಬಬೇಕೆಂದಿಲ್ಲ. ನಾನು ಯಾರಿಗೂ ಏನೂ ಕೊಡುತ್ತಿಲ್ಲ.

ನಿನ್ನೆ ಬೆಳಗ್ಗೆ ಕೃತಿಕಾ ನನ್ನನ್ನು ಕೇಳದೆ ಆ ದಪ್ಪ ಗೆಡ್ಡೆಗಳನ್ನು, ಕಣ್ಣು ಮೇಲೆ ಕಾಣುವಂತೆ ಮಂಕರಿಯಲ್ಲಿ ಜೋಡಿಸಿ, ಗೇಟಿನ ಹೊರಗೆ, ನಿಮ್ಮ ಜೀಪು ಗೇರು ಬದಲಿಸುವ ಜಾಗದ ಕಲ್ಲಿನ ಮೇಲಿಟ್ಟು ಬಂದಳು. ಕೆಂಚಮ್ಮ ಹಣ್ಣು ಕುಯ್ಯಲು ಹೋಗುತ್ತ ಅದರ ಮೇಲೊಂದು ಗೋಣಿ ಹೊದಿಸಿ, ಏನೂ ಕಾಣದವಳಂತೆ ನಡೆದಳು. ನಾನು ನಾಯಿಯನ್ನು ಹಿತ್ತಲಲ್ಲಿ ಕಟ್ಟಿದೆ.